ಮಾರ್ಜಾಲ ಸಂಧಿ

ಒಂದೇ ತಾಯಿಯ ಮರಿಗಳು. ಒಂದೇ ಬುಟ್ಟಿಯಲ್ಲಿ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವು. ಹೀಗಿದ್ದ ಎರಡು ಬೆಕ್ಕುಗಳು ಇದ್ದಕ್ಕಿದ್ದಂತೆ ಹಗೆಗಳಾದರೆ ಮನೆಯವರು ಏನು ಮಾಡಬೇಕು? ಬೆಕ್ಕು ಸಾಕದವರಿಗೆ ಇದು ನಗೆಯ ಸಂಗತಿಯಾಗಿ ಕಂಡೀತು. ನಡುರಾತ್ರಿಯಲ್ಲಿ ಆ ಕೂಗಿಗೆ ಎದ್ದು ಕುಳಿತವರು ಮಾತ್ರ ನಗಲಾರರು.

ನಮ್ಮ ಮನೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಗೌರಿ, ಕಪಿಲೆ ಎಂಬ ಅಕ್ಕತಂಗಿಯರು ಅಲ್ಲಿ ಅನ್ಯೋನ್ಯವಾಗಿದ್ದವು. ಗೌರಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಲೆಂದು ಪಶುವೈದ್ಯರಲ್ಲಿಗೆ ಒಯ್ದು, ಒಂದು ರಾತ್ರಿ ಅಲ್ಲಿಯೇ ಬಿಟ್ಟು, ಮರುದಿನ ಕರೆತಂದೆ. ಬುಟ್ಟಿಯ ಮುಚ್ಚಳ ತೆರೆದೊಡನೆ ಕಪಿಲೆ ಓಡಿಬಂದು ಮೂಸಿತು. ಮೂಸಿದ್ದೇ ತಡ, ಬಾಲ ಪೊರಕೆಯಂತೆ ಕೆದರಿತು, ಕಿವಿಗಳು ಹಿಂದಕ್ಕೆ ಮಡಿಸಿದವು, ಬುಸುಗುಟ್ಟುತ್ತ ಹಿಂದೆ ಸರಿಯಿತು. "ಅಯ್ಯೋ, ನಿನ್ನ ಅಕ್ಕ ಕಣೇ" ಎಂದು ನಾನು ಗೌರಿಯನ್ನು ಎತ್ತಿ ಅದರ ಮುಂದೆಯೇ ಇಟ್ಟೆ. ಮಾಡಬಾರದ ಕೆಲಸಗಳಲ್ಲಿ ಅದು ಮೊದಲನೆಯದು. ಜಗಳ ಬಿಡಿಸಲು ನನ್ನ ಮನೆಯಾಕೆ ಕೈಹಾಕಿದಳು, ಅದು ಎರಡನೆಯದು. ಹಲ್ಲು ಮುಂಗೈಗೆ ಆಳವಾಗಿ ಇಳಿಯಿತು.

ನಾಲ್ಕು ದಿನ ಗೌರಿ ಅಟ್ಟದಿಂದ ಕೆಳಗಿಳಿಯಲಿಲ್ಲ. ಊರಿನಿಂದ ಬಂದಿದ್ದ ನನ್ನ ಅಕ್ಕ, "ಒಂದನ್ನ ಗೋಣಿಚೀಲಕ್ಕೆ ಹಾಕಿ ದೂರ ಎಲ್ಲಾದರೂ ಬಿಟ್ಟು ಬಾರೋ, ಹೇಗೋ ಬದುಕಿಕೊಳ್ಳುತ್ತೆ" ಎಂದಳು. ನಮ್ಮ ಕಡೆ ಹಿಂದಿನಿಂದ ನಡೆದುಬಂದ ಉಪಾಯ ಅದೇ. ಸುಳ್ಳೇಕೆ ಹೇಳಲಿ, ಚೀಲವನ್ನು ಕೊಡವಿ ಬಾಗಿಲ ಬಳಿ ಇಟ್ಟದ್ದೂ ಆಗಿತ್ತು. ಮನೆಯಲ್ಲಿ ಬೆಳೆದ ಬೆಕ್ಕು ಅರಿಯದ ಬೀದಿಯಲ್ಲಿ ನಾಯಿಗೋ ಗಾಡಿಗೋ ಹಸಿವಿಗೋ ತುತ್ತಾಗುವುದೇ ಹೆಚ್ಚು. ಅಲ್ಲದೆ, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವೂ ಹೌದು. ಆಗ ನನಗೆ ಕಾಯಿದೆಯ ನೆನಪಿರಲಿಲ್ಲ. ಕೈಗೆ ಕಟ್ಟು ಕಟ್ಟಿಸಿಕೊಂಡಿದ್ದ ಮನೆಯಾಕೆಯೇ ಚೀಲವನ್ನು ಒಳಗೆಸೆದು, "ಮೊದಲು ಡಾಕ್ಟರನ್ನ ಕೇಳಿ ಬನ್ನಿ" ಎಂದಳು. ಆ ವೈದ್ಯರಿಂದಲೂ, ಆಮೇಲೆ ಓದಿನಿಂದಲೂ, ಅದಕ್ಕಿಂತ ಹೆಚ್ಚಾಗಿ ಈ ಇಬ್ಬರು ಗುರುಗಳಿಂದಲೂ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೆಕ್ಕಿಗೆ ಸಂಸ್ಕೃತದಲ್ಲಿ ಮಾರ್ಜಾರ, ಮಾರ್ಜಾಲ ಎಂದು ಹೆಸರು. 'ಮೃಜ್' ಧಾತುವಿನಿಂದ ಬಂದದ್ದು. ಒರಸಿ ಶುಚಿಗೊಳಿಸುವುದೆಂದು ಅರ್ಥ. ಸಂಧ್ಯಾವಂದನೆಯ ಮಾರ್ಜನವೂ ಅದೇ ಧಾತುವಿನದು. ಹೆಸರಿಟ್ಟವರು ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ಚೆನ್ನಾಗಿ ಗಮನಿಸಿದ್ದರು. ಆದರೆ ನೆಕ್ಕುವುದು ಕೇವಲ ಶೌಚವಲ್ಲ. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲುಗಳಲ್ಲಿ ವಾಸನೆ ಸೂಸುವ ಗ್ರಂಥಿಗಳಿವೆ. ಒಟ್ಟಿಗೆ ಇರುವ ಬೆಕ್ಕುಗಳು ಒಂದನ್ನೊಂದು ನೆಕ್ಕಿ, ಮೈಗೆ ಮೈ ತೀಡಿ, ಎಲ್ಲರಿಗೂ ಸಮಾನವಾದ ಒಂದು ವಾಸನೆಯನ್ನು ಕಟ್ಟಿಕೊಳ್ಳುತ್ತವೆ. ನಮಗೆ ಮುಖ ಹೇಗೋ ಅವಕ್ಕೆ ಆ ವಾಸನೆ ಹಾಗೆ. ಆಸ್ಪತ್ರೆಯಿಂದ ಬಂದ ಗೌರಿಯ ಮೈಮೇಲೆ ಔಷಧಿಯ, ಬೇರೆ ಪ್ರಾಣಿಗಳ, ಭಯದ ವಾಸನೆಯಿತ್ತು. ಕಪಿಲೆಯ ಮಟ್ಟಿಗೆ ಅದು ಅಕ್ಕನ ವೇಷ ಹಾಕಿಕೊಂಡು ಬಂದ ಯಾರೋ ಪರಕೀಯ ಬೆಕ್ಕು.

ಇನ್ನೊಂದು ಮಾತು. ನಾಯಿಯ ಪೂರ್ವಜರು ಹಿಂಡಿನಲ್ಲಿ ಬಾಳಿದವರು. ಬೆಕ್ಕಿನ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಕಾಡುಬೆಕ್ಕು. 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಅದು ಒಂಟಿ ಬೇಟೆಗಾರ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕೊಂದನ್ನು ಹೂಳಿದ ಕುರುಹು ಸಿಕ್ಕಿದೆ. ಇಷ್ಟು ಕಾಲ ನಮ್ಮೊಡನಿದ್ದರೂ, ಕೆಟ್ಟ ಸಂಬಂಧವನ್ನು ತಾವಾಗಿ ಸರಿಪಡಿಸಿಕೊಳ್ಳುವ ವಿದ್ಯೆಯನ್ನು ಅವು ನಾಯಿಗಳಷ್ಟು ಕಲಿತಿಲ್ಲ. "ಕಾದಾಡಿಕೊಳ್ಳಲಿ ಬಿಡಿ, ಸರಿಹೋಗುತ್ತವೆ" ಎನ್ನುವವರ ಮಾತನ್ನು ಅದಕ್ಕಾಗಿಯೇ ಕೇಳಬಾರದು. ಪ್ರತಿಯೊಂದು ಕಾದಾಟವೂ ಮುಂದಿನದಕ್ಕೆ ಬೀಜ.

ಎಲ್ಲ ಜಗಳಕ್ಕೂ ಆಸ್ಪತ್ರೆಯೇ ಕಾರಣವಲ್ಲ. ಕಿಟಕಿಯ ಹೊರಗೆ ಕಾಂಪೌಂಡಿನ ಮೇಲೆ ಬೀದಿಯ ಗಂಡು ಬೆಕ್ಕು ಬಂದು ಕೂರುತ್ತದೆ. ಒಳಗಿರುವುದಕ್ಕೆ ರೋಷ ಉಕ್ಕುತ್ತದೆ, ಅದರ ಮೇಲೆ ಬೀಳಲಾಗದು, ಪಕ್ಕದಲ್ಲಿ ನಿಂತ ತಂಗಿಯ ಮೇಲೆ ಬೀಳುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬುದನ್ನು ನಾವು ಬಲ್ಲೆವು. ಕೊತ್ತಿಯ ಕೋಪ ಯಾರ ಮೇಲೆ ಎಂದು ಯಾರೂ ಕೇಳಿರಲಿಲ್ಲ. ಅಂತಹ ಕಡೆ ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿದರೆ ಬೇಗುದಿ ಬಹಳಮಟ್ಟಿಗೆ ಇಳಿಯುತ್ತದೆ. ಸಂತಾನಹರಣವಾಗದ ಗಂಡುಗಳು ಕಾದಾಡುವುದು ಸಹಜ. ಚಿಕಿತ್ಸೆ ಮಾಡಿಸಿದರೆ ಕಡಿಮೆಯಾಗುತ್ತದೆ. ಶಾಂತವಾಗಿದ್ದ ಬೆಕ್ಕು, ಅದರಲ್ಲೂ ವಯಸ್ಸಾದದ್ದು, ಏಕಾಏಕಿ ಸಿಡುಕತೊಡಗಿದರೆ ಹಲ್ಲುನೋವೋ ಕೀಲುನೋವೋ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ. ನೋವಿಗೆಂದು ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನು ಎಂದೂ ಕೊಡಬೇಡಿ. ಬೆಕ್ಕಿಗೆ ಅದು ವಿಷ.

ಈಗ ಉಪಾಯಕ್ಕೆ ಬರೋಣ. ಸಾಮ, ದಾನ, ಭೇದ, ದಂಡ ಎಂದು ರಾಜನೀತಿಯ ಕ್ರಮ. ಬೆಕ್ಕುಗಳ ವಿಷಯದಲ್ಲಿ ಭೇದವೇ ಮೊದಲು, ಆಮೇಲೆ ದಾನ, ಕೊನೆಗೆ ಸಾಮ. ದಂಡಕ್ಕೆ ಸ್ಥಾನವೇ ಇಲ್ಲ: ಹೊಡೆದರೆ, ಗದರಿದರೆ, ಆ ನೋವು ಎದುರಿಗಿದ್ದ ಬೆಕ್ಕಿನಿಂದಲೇ ಬಂತೆಂದು ಅದು ತಿಳಿಯುತ್ತದೆ.

ಕಾದಾಟ ನಡೆಯುತ್ತಿದ್ದರೆ ಕೈ ಹಾಕಬೇಡಿ. ತಟ್ಟೆ ಬಡಿದು ಸದ್ದು ಮಾಡಿ, ದಪ್ಪ ಕಂಬಳಿಯನ್ನು ಎಸೆಯಿರಿ, ಇಲ್ಲವೆ ರಟ್ಟಿನ ಹಲಗೆಯನ್ನು ನಡುವೆ ತೂರಿಸಿ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿನ ಹಲ್ಲು ಸೂಜಿಯಂತೆ. ಮೇಲೆ ಸಣ್ಣ ತೂತು, ಒಳಗೆ ಕೀವು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರಬಲ್ಲದು, ಆದ್ದರಿಂದ ಚುಚ್ಚುಮದ್ದಿನ ಮಾತನ್ನು ವೈದ್ಯರೇ ತೀರ್ಮಾನಿಸಲಿ.

ಆಮೇಲೆ ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟು ಬಾಗಿಲು ಹಾಕಿ. ಪ್ರತಿಯೊಂದಕ್ಕೂ ಅದರದೇ ನೀರು, ಊಟ, ಹಾಸಿಗೆ, ಮರಳಿನ ತಟ್ಟೆ ಇರಲಿ. ಒಂದರ ಮುಖ ಇನ್ನೊಂದಕ್ಕೆ ಕಾಣಬಾರದು. ಸಿಟ್ಟು ಇಳಿಯಲು ಕೆಲವಕ್ಕೆ ಕೆಲವು ಗಂಟೆ ಸಾಕು, ಕೆಲವಕ್ಕೆ ದಿನಗಳೇ ಬೇಕು. ಎರಡೂ ನೆಮ್ಮದಿಯಾಗಿ ಉಂಡು ಮಲಗುವವರೆಗೆ ಮುಂದಿನ ಹೆಜ್ಜೆ ಬೇಡ.

ಮುಂದಿನದು ವಾಸನೆಯ ರಾಯಭಾರ. ಒಗೆದ ಹಳೆಯ ಪಂಚೆಯ ತುಂಡಿನಿಂದ ಗೌರಿಯ ಕೆನ್ನೆಯನ್ನು ಮೆಲ್ಲಗೆ ಒರಸಿ ಕಪಿಲೆಯ ತಟ್ಟೆಯ ಬಳಿ ಇಡುತ್ತಿದ್ದೆ, ಕಪಿಲೆಯದನ್ನು ಗೌರಿಯ ಬಳಿ. ಮೊದಲ ದಿನ ಕಪಿಲೆ ಬಟ್ಟೆಗೇ ಬುಸುಗುಟ್ಟಿತು. ಐದನೆಯ ದಿನ ಅದರ ಮೇಲೆ ಕುಳಿತು ಮೈ ನೆಕ್ಕಿಕೊಂಡಿತು. ಕೋಣೆಗಳನ್ನೂ ದಿನಕ್ಕೊಮ್ಮೆ ಅದಲುಬದಲು ಮಾಡುತ್ತಿದ್ದೆವು.

ಅನಂತರ ದಾನ. ಮುಚ್ಚಿದ ಬಾಗಿಲಿನ ಈ ಕಡೆ ಒಂದು ತಟ್ಟೆ, ಆ ಕಡೆ ಒಂದು. ಮೊದಲು ಬಾಗಿಲಿನಿಂದ ದೂರದಲ್ಲಿಟ್ಟು ದಿನವೂ ಸ್ವಲ್ಪ ಸ್ವಲ್ಪ ಹತ್ತಿರ ಸರಿಸಬೇಕು. ಅದಕ್ಕೆ ಅತಿ ಪ್ರಿಯವಾದ ತಿನಿಸು ಆಗ ಮಾತ್ರ ಸಿಗಬೇಕು. ಇನ್ನೊಂದರ ವಾಸನೆ ಬಂದಾಗಲೆಲ್ಲ ಒಳ್ಳೆಯದು ಬರುತ್ತದೆಂದು ಮನಸ್ಸಿಗೆ ನಾಟಲಿ. ನಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಅಂಗಡಿಯಿಂದ ಮೀನಿನ ಪೊಟ್ಟಣಗಳನ್ನು ತಂದು, ಮೂಗು ಮುಚ್ಚಿಕೊಂಡೇ ಬಡಿಸಿದೆ. ಎರಡೂ ಬಾಗಿಲಿನ ಬುಡದಲ್ಲಿ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಹಗ್ಗ ಕಟ್ಟಿದೆವು. ಬುಸುಗುಟ್ಟಿದರೆ ಹೆದರಬೇಕಿಲ್ಲ, ಅದು ಎಚ್ಚರಿಕೆ ಅಷ್ಟೆ. ರೆಪ್ಪೆ ಬಡಿಯದೆ ದುರುಗುಟ್ಟಿ ನೋಡುತ್ತ, ಮೈ ಬಿಗಿಹಿಡಿದು, ಬಾಲ ಅಲುಗಿಸಿದರೆ ಮಾತ್ರ ಹಿಂದಿನ ಹೆಜ್ಜೆಗೆ ಮರಳಬೇಕು. ನಾವು ಎರಡು ಸಲ ಹಿಂದಕ್ಕೆ ಬಂದೆವು.

ಕೊನೆಗೆ ಸಾಮ: ಒಂದೇ ಕೋಣೆಯಲ್ಲಿ, ಐದು ನಿಮಿಷ, ನೀವು ಇರುವಾಗ ಮಾತ್ರ. ಒಂದನ್ನು ಮನೆಯಾಕೆ ದಾರದ ತುದಿಯ ಗರಿಯಿಂದ ಆಡಿಸುತ್ತಿದ್ದಳು, ಇನ್ನೊಂದನ್ನು ನಾನು. ಚೆನ್ನಾಗಿರುವಾಗಲೇ ಮುಗಿಸಿ ಬೇರೆ ಮಾಡಬೇಕು. ಇದು ಕೆಲವು ಜೋಡಿಗಳಿಗೆ ವಾರದ ಕೆಲಸ, ಕೆಲವಕ್ಕೆ ತಿಂಗಳುಗಳದು. ಒಟ್ಟಿಗೆ ಬಿಟ್ಟ ಮೇಲೂ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿರಲಿ. ಮರಳಿನ ತಟ್ಟೆಗಳು ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ. ಅಂಜಿದ ಬೆಕ್ಕಿಗೆ ಹತ್ತಿ ಕೂರಲು ಬೀರುವೋ ಗೂಡೋ ಬೇಕು. ಕೂಗಾಟವಿಲ್ಲದ ಜಗಳವೂ ಉಂಟು: ಒಂದು ಬಾಗಿಲಿಗೆ ಅಡ್ಡಲಾಗಿ ಮಲಗಿ ಇನ್ನೊಂದನ್ನು ಊಟಕ್ಕೆ ಬಿಡದಿರುವುದು. ಅದನ್ನು ಕಣ್ಣಿಟ್ಟು ಕಂಡುಹಿಡಿಯಬೇಕು.

ನಮ್ಮಲ್ಲಿ ಆರು ವಾರ ಹಿಡಿಯಿತು. ಮುಂದೆ ಕಪಿಲೆಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. ಈ ಸಲ ಮರಳಿ ತಂದೊಡನೆ ಕೋಣೆಯೊಂದರಲ್ಲಿ ಬೇರೆಯಾಗಿಟ್ಟು, ಗೌರಿ ಮಲಗುತ್ತಿದ್ದ ಬಟ್ಟೆಯನ್ನೇ ಅದಕ್ಕೆ ಹಾಸಿ, ಎರಡು ದಿನ ಕಳೆದ ಮೇಲೆ ಬಾಗಿಲು ತೆರೆದೆವು. ಗೌರಿ ಬಂದು ಮೂಸಿತು, ಒಮ್ಮೆ ಬುಸ್ಸೆಂದಿತು, ಆಮೇಲೆ ಕಪಿಲೆಯ ತಟ್ಟೆಯಲ್ಲಿ ಉಳಿದಿದ್ದ ಮೀನನ್ನು ತಿಂದು ಹೊರಟುಹೋಯಿತು.