ಸೆಟ್ ಕಟ್ಟೋಕೆ ಸ್ಕ್ರೂ ಎಲ್ಲಿ ತಗೊಳ್ಳೋದು?

ಪ್ರತಿ ವರ್ಷ ನಾಟಕದ ಬಜೆಟ್ ಬರೆಯೋವಾಗ ಕೊನೇ ಸಾಲಲ್ಲಿ 'ಮೊಳೆ, ಸ್ಕ್ರೂ ಇತ್ಯಾದಿ' ಅಂತ ಒಂದು ಸಣ್ಣ ಮೊತ್ತ ಇರುತ್ತೆ. ಪ್ಲೈವುಡ್ ಎಷ್ಟು ಎಂಎಂ, ಪರದೆ ಯಾವ ಬಣ್ಣ, ಲೈಟು ಎಷ್ಟು ಅಂತ ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ, ಆ 'ಇತ್ಯಾದಿ' ಬಗ್ಗೆ ಯಾರೂ ಬಾಯಿ ಬಿಡಲ್ಲ. ಈ ಸಲ ನಮ್ಮ ನಾಟಕದಲ್ಲಿ ಎರಡೂವರೆ ಅಡಿ ಎತ್ತರದ ಒಂದು ಲೆವೆಲ್ ಇದೆ, ಅದರ ಮೇಲೆ ಆರು ಜನ ಕುಣೀತಾರೆ. ಒಬ್ಬೊಬ್ಬರು 60 ಕೆಜಿ ಅಂದ್ರೂ ಸುಮ್ಮನೆ ನಿಂತಾಗಲೇ 360 ಕೆಜಿ. ತಾಳಕ್ಕೆ ಸರಿಯಾಗಿ ಒಟ್ಟಿಗೆ ಹಾರಿ ಇಳಿದ್ರೆ ಲೋಡ್ ಅದರ ಎರಡು ಪಟ್ಟು ದಾಟಬಹುದು. ಅಷ್ಟನ್ನೂ ಕೂಡಿಸಿ ಹಿಡಿದಿರೋದು ನಾಲ್ಕು ಮಿಲಿಮೀಟರ್ ದಪ್ಪದ ತಿರುಪುಗಳು. ಕಾಲು ಮುರಿದ್ರೆ ನಮ್ಮಲ್ಲೇ ಒಬ್ಬರದ್ದು. ಹಾಗಾಗಿ ಈ ಸಲದ ಸಂಚಿಕೆಗೆ ಕವನ ಬಿಟ್ಟು ಸ್ಕ್ರೂ ಬಗ್ಗೆ ಬರೀತಿದ್ದೀವಿ.

ಸೆಟ್ ಕಟ್ಟೋದು ಹೆಗ್ಗೋಡಿನ ಹತ್ರ, ನಮ್ಮ ಸಂಘದವರೊಬ್ಬರ ಮನೆ ಅಂಗಳದಲ್ಲಿ. ಜಾಗ ಇದೆ, ಹಳೇ ಮರ ಇದೆ, ಪಕ್ಕದಲ್ಲೇ ಆಚಾರ್ರ ಮನೆ ಇದೆ. ಹೆಗ್ಗೋಡು ಅಂದ್ರೆ ನೀನಾಸಂ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1949ರಲ್ಲಿ ಹಳ್ಳಿಯ ಸಂಘವಾಗಿ ಶುರುವಾದದ್ದು, 1980ರಲ್ಲಿ ಅಲ್ಲೇ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಆಟ ಮುಗಿದ ಮೇಲೆ ಸೆಟ್ ಬಿಚ್ಚಬೇಕು, ಗಾಡಿಗೆ ಏರಿಸಬೇಕು, ಮುಂದಿನ ಊರಲ್ಲಿ ಮತ್ತೆ ಜೋಡಿಸಬೇಕು. ನಮ್ಮದು ಅಷ್ಟು ದೊಡ್ಡ ತಿರುಗಾಟ ಅಲ್ಲ ಬಿಡಿ. ಹೆಗ್ಗೋಡಿಂದ ಕಾಲೇಜು, ಕಾಲೇಜಿಂದ ಎರಡು ಸ್ಪರ್ಧೆ, ಅಷ್ಟೇ. ಆದ್ರೂ ಪ್ರಶ್ನೆ ಅದೇ: ಈ ಜೋಡಣೆ ಎಷ್ಟು ಸಲ ಬಿಚ್ಚೋದಿದೆ? ಅಂಗಡಿಗೆ ಹೋಗೋ ಮುಂಚೆ ಇದಕ್ಕೆ ಉತ್ತರ ಬೇಕು, ಯಾಕಂದ್ರೆ ಯಾವ ಅಂಗಡಿಗೆ ಹೋಗಬೇಕು ಅನ್ನೋದನ್ನ ಅದೇ ನಿರ್ಧಾರ ಮಾಡುತ್ತೆ.

ಮೊದಲು ಸ್ಕ್ರೂ ಮರ ಹಿಡಿಯೋದು ಹೇಗೆ ಅಂತ ನೋಡೋಣ. ಸ್ಕ್ರೂವಿನ ಥ್ರೆಡ್ ಮರದ ನಾರನ್ನ ಕೊಯ್ದು ಅದರೊಳಗೆ ಕೂರುತ್ತೆ. ಎಳೆದಾಗ ಆ ನಾರುಗಳು ತಡೀತವೆ. ಅಮೆರಿಕದ ಮ್ಯಾಡಿಸನ್‌ನಲ್ಲಿರೋ ಅರಣ್ಯ ಉತ್ಪನ್ನ ಪ್ರಯೋಗಾಲಯದ ಕೈಪಿಡಿಯಲ್ಲಿ ಇದಕ್ಕೊಂದು ಸೂತ್ರ ಇದೆ. ಹಿಡಿತ ಅನ್ನೋದು ಸ್ಕ್ರೂ ದಪ್ಪಕ್ಕೆ, ಒಳಗೆ ಹೋದ ಉದ್ದಕ್ಕೆ, ಮತ್ತೆ ಮರದ ಸಾಂದ್ರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತೆ. ವರ್ಗ ಅನ್ನೋದನ್ನ ಗಮನಿಸಿ. ಒಂದು ಮರ ಇನ್ನೊಂದಕ್ಕಿಂತ ಒಂದೂವರೆ ಪಟ್ಟು ಸಾಂದ್ರ ಆಗಿದ್ರೆ ಹಿಡಿತ 2.25 ಪಟ್ಟು. ಅಂದ್ರೆ ಅದೇ ಸ್ಕ್ರೂ ಸಿಲ್ವರ್ ಓಕಲ್ಲಿ ಒಂಥರಾ, ಹೊನ್ನೆಯಲ್ಲೋ ಮತ್ತಿಯಲ್ಲೋ ಬೇರೆಯೇ ಥರ. ಇನ್ನು ಹಲಗೆಯ ತುದಿಯಿಂದ, ನಾರಿನ ದಿಕ್ಕಿಗೇ ಸ್ಕ್ರೂ ಹಾಕಿದ್ರೆ ಹಿಡಿತ ಬಹಳ ಕಡಿಮೆ. ಪ್ಲೈವುಡ್ಡಿನ ಅಂಚಿಗೆ ಹಾಕಿದ್ರೆ ಪದರ ಬಿಟ್ಟುಕೊಳ್ಳುತ್ತೆ. ಅಡಿಕೆ ದಬ್ಬೆ ಪುಕ್ಕಟೆ ಸಿಗುತ್ತೆ ಅಂತ ಎಲ್ಲರಿಗೂ ಆಸೆ, ಆದ್ರೆ ಅದರ ಹೊರಮೈ ಕಲ್ಲು, ಒಳಗೆ ಮೆದು, ಉದ್ದಕ್ಕೆ ಸೀಳುತ್ತೆ. ಹಿನ್ನೆಲೆಗೆ ಚಂದ, ಭಾರಕ್ಕೆ ಬೇಡ. ತೂತು ಕೊರೆದು ಹಗ್ಗದಲ್ಲಿ ಕಟ್ಟೋದೇ ವಾಸಿ.

ಈಗ ಪೇಟೆಗೆ ಹೋಗೋಣ. ಹೆಗ್ಗೋಡಿಂದ ಸಾಗರ ಹತ್ತು ಕಿಲೋಮೀಟರ್ ಒಳಗೇ. ಮನೆ ಕಟ್ಟೋ ಸಾಮಾನಿನ ಹಾರ್ಡ್‌ವೇರ್ ಅಂಗಡೀಲಿ 'ಸ್ಕ್ರೂ ಕೊಡಿ' ಅಂದ್ರೆ 'ಎಂತಕ್ಕೆ?' ಅಂತ ಕೇಳ್ತಾರೆ. ಹಾಗೆ ಕೇಳಿದ್ರೆ ಅದು ಒಳ್ಳೇ ಅಂಗಡಿ ಅಂತ ತಿಳ್ಕೊಳ್ಳಿ. ಕೇಳದೇ ಕೊಟ್ರೆ ಹೆಚ್ಚಾಗಿ ಕೈಗೆ ಬರೋದು ಕಪ್ಪು ಸ್ಕ್ರೂ. (ಕನ್ನಡ ಸಂಘದವರು ಅಂತ 'ತಿರುಪುಮೊಳೆ ಕೊಡಿ' ಅಂದು ನೋಡಿ ಬೇಕಾದ್ರೆ. ನಿಘಂಟಿನ ಪದ ಸರಿಯಾಗೇ ಇದೆ, ಅಂಗಡಿಯವರು ಮಾತ್ರ ನಿಮ್ಮನ್ನ ಒಂದು ಸಲ ಮೇಲಿಂದ ಕೆಳಗೆ ನೋಡ್ತಾರೆ.)

ಆ ಕಪ್ಪು ಸ್ಕ್ರೂ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳಬೇಕು. ಅದು ಜಿಪ್ಸಮ್ ಹಲಗೆಯನ್ನ ಚೌಕಟ್ಟಿಗೆ ಹೊಡೆಯೋಕೆ ಮಾಡಿದ್ದು. ಮೊನೆ ಚೂಪು, ಡ್ರಿಲ್ ಮೆಷಿನ್ನಲ್ಲಿ ಸಲೀಸಾಗಿ ಇಳಿಯುತ್ತೆ, ಬೆಲೆ ಕಡಿಮೆ. ಅದಕ್ಕೇ ಎಲ್ಲರಿಗೂ ಇಷ್ಟ. ಆದ್ರೆ ಅದರ ಉಕ್ಕನ್ನ ಗಡುಸು ಮಾಡಿರ್ತಾರೆ. ಮೆಟೀರಿಯಲ್ ಸೈನ್ಸಲ್ಲಿ ಓದಿದ್ದು ನೆನಪಿದ್ಯಲ್ಲ, ಗಡಸುತನ ಏರಿದಂಗೆ ಡಕ್ಟಿಲಿಟಿ ಇಳಿಯುತ್ತೆ. ಇದರ ಕತ್ತೂ ಸಣ್ಣ. ಅಡ್ಡ ಬಲ ಬಿದ್ದಾಗ ಬಗ್ಗಿ ಎಚ್ಚರಿಕೆ ಕೊಡಲ್ಲ, ಟಕ್ ಅಂತ ತುಂಡಾಗುತ್ತೆ. ಜೊತೆಗೆ ಆ ಕಪ್ಪು ಬಣ್ಣ ಫಾಸ್ಫೇಟ್ ಲೇಪನ, ತೇವಕ್ಕೆ ಹೆಚ್ಚು ದಿನ ತಾಳಲ್ಲ. ಮಲೆನಾಡಿನ ಒಂದು ಮಳೆಗಾಲ ಸಾಕು. ಪರದೆ ಚೌಕಟ್ಟು, ತೆಳು ಪ್ಲೈ ಹಿನ್ನೆಲೆ, ಇಂಥ ಕಡೆ ಹಾಕ್ಕೊಳ್ಳಿ, ತೊಂದರೆ ಇಲ್ಲ. ಜನ ಹತ್ತೋ ಯಾವುದಕ್ಕೂ ಬೇಡ.

ಪರೀಕ್ಷೆ ಮಾಡೋದು ಸುಲಭ. ಒಂದು ಸ್ಕ್ರೂವನ್ನ ವೈಸಲ್ಲಿ ಅರ್ಧ ಕಚ್ಚಿಸಿ ಸುತ್ತಿಗೆಯಲ್ಲಿ ಅಡ್ಡ ಹೊಡೀರಿ. ಕಣ್ಣಿಗೆ ಕನ್ನಡಕ ಇರಲಿ. ಬಗ್ಗಿದ್ರೆ ಒಂದು ಜಾತಿ, ಮುರಿದ್ರೆ ಇನ್ನೊಂದು ಜಾತಿ. ನಮ್ಮ ವರ್ಕ್‌ಶಾಪ್ ಲ್ಯಾಬಲ್ಲೇ ಐದು ನಿಮಿಷದ ಕೆಲಸ ಇದು.

ಹಾಗಾದ್ರೆ ಲೆವೆಲ್‌ಗೆ ಯಾವುದು? ಬಿಚ್ಚದೇ ಇರೋ ಜೋಡಣೆಗೆ, ಅಂದ್ರೆ ರೀಪರ್ ಚೌಕಟ್ಟಿನ ಮೇಲೆ ಪ್ಲೈ ಕೂರಿಸೋಕೆ, ನಿಜವಾದ ವುಡ್ ಸ್ಕ್ರೂ ಅಥವಾ ಒಳ್ಳೇ ಚಿಪ್‌ಬೋರ್ಡ್ ಸ್ಕ್ರೂ. ವುಡ್ ಸ್ಕ್ರೂವಿನ ತಲೆ ಕೆಳಗೆ ಸ್ವಲ್ಪ ದೂರ ಥ್ರೆಡ್ ಇರಲ್ಲ. ಅದು ಉಳಿಸಿದ ಖರ್ಚಲ್ಲ, ಬೇಕಂತಲೇ ಬಿಟ್ಟಿದ್ದು. ಮೇಲಿನ ಹಲಗೆಯಲ್ಲಿ ಥ್ರೆಡ್ ಕಚ್ಚದೇ ಇದ್ರೆ ತಾನೇ ಅದು ಕೆಳಗಿನ ಮರಕ್ಕೆ ಬಿಗಿಯಾಗಿ ಅಂಟೋದು. ಚಿಪ್‌ಬೋರ್ಡ್ ಸ್ಕ್ರೂ ಸಾಮಾನ್ಯವಾಗಿ ಪೂರ್ತಿ ಥ್ರೆಡ್, ಪ್ಲೈವುಡ್ಡಿಗೆ ಒಳ್ಳೇ ಹಿಡಿತ. ಇವು ಹಾರ್ಡ್‌ವೇರ್ ಅಂಗಡಿಗಿಂತ ಪ್ಲೈವುಡ್, ಕಪಾಟಿನ ಫಿಟ್ಟಿಂಗ್ ಮಾರೋ ಅಂಗಡೀಲಿ ಚೆನ್ನಾಗಿರೋದು ಸಿಗುತ್ತೆ. ಹೆಟ್ಟಿಕ್, ಎಬ್ಕೋ ಥರದ ಹಿಂಜ್ ಮಾರೋ ಕಡೆ ಅಂತ ಗುರುತಿಟ್ಕೊಳ್ಳಿ. ಮಾಡ್ಯುಲರ್ ಕಿಚನ್ ಮಾಡೋವ್ರು ಅಲ್ಲೇ ಖರೀದಿ ಮಾಡೋದ್ರಿಂದ ಕೆಟ್ಟ ಮಾಲು ಅಲ್ಲಿ ಹೆಚ್ಚು ದಿನ ಓಡಲ್ಲ.

ಅಳತೆ ಕೇಳೋದು ನಂಬರಲ್ಲಿ. '8 ನಂಬರ್, ಒಂದೂವರೆ ಇಂಚು' ಅಂತ. ನಂಬರ್ ಅಂದ್ರೆ ದಪ್ಪ: ನಂಬರನ್ನ 0.013ರಿಂದ ಗುಣಿಸಿ 0.060 ಕೂಡಿಸಿದ್ರೆ ಇಂಚಲ್ಲಿ ಬರುತ್ತೆ. 8 ನಂಬರ್ ಸುಮಾರು 4.2 ಎಂಎಂ, 10 ನಂಬರ್ 4.8 ಎಂಎಂ. ಉದ್ದಕ್ಕೆ ಆಚಾರ್ರ ಲೆಕ್ಕ ಸರಳ: ಮೇಲಿನ ಹಲಗೆಯ ಮೂರು ಪಟ್ಟು. 12 ಎಂಎಂ ಪ್ಲೈಗೆ ಒಂದೂವರೆ ಇಂಚು, 18 ಎಂಎಂಗೆ ಎರಡಿಂಚು. ಹೊನ್ನೆ, ಹಲಸಿನಂಥ ಮರಕ್ಕೆ ಮೊದಲು 3 ಎಂಎಂ ತೂತು ಕೊರೀಲೇಬೇಕು, ಮೆದು ಮರಕ್ಕೆ 2.5 ಸಾಕು. ತೂತು ಕೊರೆಯದೇ ಮೆಷಿನ್ನಲ್ಲಿ ಒತ್ತಿ ಇಳಿಸಿ, ಮರ ಸೀಳಿದ ಮೇಲೆ ಸ್ಕ್ರೂ ಸರಿ ಇಲ್ಲ ಅಂತ ಬೈಯೋದು ನ್ಯಾಯ ಅಲ್ಲ. ಮೇಣದಬತ್ತಿ ಥ್ರೆಡ್ಡಿಗೆ ಸವರಿದ್ರೆ ಸಲೀಸಾಗಿ ಹೋಗುತ್ತೆ. ಸೋಪೂ ಹಚ್ತಾರೆ, ಆದ್ರೆ ಸೋಪು ತೇವ ಎಳ್ಕೊಳ್ಳುತ್ತೆ.

ಡಬ್ಬಿ ಬಿಚ್ಚಿಸಿ ನಾಲ್ಕು ಸ್ಕ್ರೂ ಕೈಗೆ ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಗಾಜಿನ ಕೌಂಟರ್ ಮೇಲೆ ಉರುಳಿಸಿದ್ರೆ ಮೊನೆ ಗಿರಗಿರ ಅಲುಗಾಡುತ್ತಾ ನೋಡಿ. ಅಲುಗಾಡಿದ್ರೆ ಸೊಟ್ಟ. ಥ್ರೆಡ್ಡಿನ ಅಂಚು ಉಗುರಿಗೆ ಚೂಪಾಗಿ ತಾಗಬೇಕು. ತಲೆಯ ಗುಣಿಯಲ್ಲಿ ಬಿಟ್ ಇಟ್ಟು ಸ್ಕ್ರೂವನ್ನ ಅಡ್ಡ ಹಿಡಿದ್ರೆ ಬೀಳಬಾರದು. ಇಲ್ಲೊಂದು ಗೊಂದಲ ಇದೆ. ಪ್ಲಸ್ ಗುರುತಿನಲ್ಲಿ ಎರಡು ಜಾತಿ: ಫಿಲಿಪ್ಸ್ ಮತ್ತು ಪೋಜಿಡ್ರೈವ್. ಪ್ಲಸ್ಸಿನ ಮಧ್ಯೆ ಇನ್ನೂ ನಾಲ್ಕು ಸಣ್ಣ ಗೆರೆ ಇದ್ರೆ ಅದು ಪೋಜಿಡ್ರೈವ್, ಅದಕ್ಕೆ ಪಿಝಡ್2 ಬಿಟ್ಟೇ ಬೇಕು. ಪಿಎಚ್2 ಹಾಕಿ ತಿರುಗಿಸಿದ್ರೆ ಜಾರಿ ಜಾರಿ ತಲೆ ಸವೆದು ಹೋಗುತ್ತೆ. ಹಾಳಾದ ಸ್ಕ್ರೂಗಳಲ್ಲಿ ಬಹಳಷ್ಟು ತಪ್ಪು ಬಿಟ್ಟಿಗೆ ಬಲಿಯಾದವು ಅಂತ ನಮ್ಮ ಅನುಮಾನ. ಸ್ಕ್ರೂ ತಗೊಂಡ ಅಂಗಡೀಲೇ ಅದಕ್ಕೆ ಸರಿಹೊಂದೋ ಬಿಟ್ ತಗೊಳ್ಳಿ.

ತುಕ್ಕಿನ ವಿಷಯ. ಹಳದಿ ಹೊಳಪಿನ ಸ್ಕ್ರೂ ಅಂದ್ರೆ ಉಕ್ಕಿನ ಮೇಲೆ ಸತುವಿನ ಲೇಪನ. ಕಬ್ಬಿಣಕ್ಕಿಂತ ಮೊದಲು ಸತು ಕರಗುತ್ತೆ, ಅಲ್ಲೀವರೆಗೆ ಒಳಗಿನದ್ದು ಉಳಿಯುತ್ತೆ. ಸೂರಿನ ಕೆಳಗೆ ಇಡೋ ಸೆಟ್ಟಿಗೆ ಇದೇ ಸಾಕು. ಹೆಗ್ಗೋಡಿನ ಮನೆಯ ಹೊರ ಬೆಂಚು, ಗೇಟು, ಅಂಗಳದ ಮಂಚ, ಹೀಗೆ ಮಳೆಗೆ ಸಿಗೋದಕ್ಕೆಲ್ಲ ಎಸ್ಎಸ್ 304 ಹಾಕಿ. ಹೊನ್ನೆಯಲ್ಲಿ ಟ್ಯಾನಿನ್ ಜಾಸ್ತಿ, ಒದ್ದೆ ಆದಾಗ ಕಬ್ಬಿಣ ತಾಗಿದ ಕಡೆ ಮರ ಕಪ್ಪಾಗುತ್ತೆ. ಎಸ್ಎಸ್ ಆದ್ರೆ ಆ ಕಾಟ ಇಲ್ಲ. ಆದ್ರೆ 304ರಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರುತ್ತೆ. ನಿಕಲ್ ಕಡಿಮೆ ಇರೋ 200 ಸರಣಿಯ ಉಕ್ಕೂ 'ಎಸ್ಎಸ್' ಅಂತಲೇ ಮಾರಾಟ ಆಗುತ್ತೆ, ಅದು ಬೇಗ ತುಕ್ಕು ಹಿಡಿಯುತ್ತೆ. ಅಯಸ್ಕಾಂತ ಹಿಡಿದು ನೋಡೋದು ಇಲ್ಲಿ ಕೆಲಸಕ್ಕೆ ಬರಲ್ಲ, ಎರಡೂ ಹೆಚ್ಚುಕಡಿಮೆ ಅಂಟಲ್ಲ. ಡಬ್ಬಿ ಮೇಲೆ 304 ಅಂತಲೋ ಎ2 ಅಂತಲೋ ಇರಬೇಕು, ಬಿಲ್ಲಲ್ಲೂ ಹಾಗೇ ಬರೆಸಿ. ಇನ್ನೊಂದು: ಎಸ್ಎಸ್ ಸ್ಕ್ರೂ ಸ್ವಲ್ಪ ಮೆದು. ಗಟ್ಟಿ ಮರಕ್ಕೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಆಮೇಲೆ ಇದನ್ನ ಹಾಕಿ.

ಇನ್ನು ಪ್ರತಿ ಪ್ರದರ್ಶನಕ್ಕೂ ಬಿಚ್ಚೋ ಜೋಡಣೆ. ಇದಕ್ಕೆ ಎಷ್ಟೇ ಒಳ್ಳೇ ವುಡ್ ಸ್ಕ್ರೂ ತಂದ್ರೂ ಪ್ರಯೋಜನ ಇಲ್ಲ. ಪ್ರತಿ ಸಲ ಬಿಚ್ಚಿ ಹಾಕಿದಾಗ ಥ್ರೆಡ್ ಮರದಲ್ಲಿ ಹೊಸ ದಾರಿ ಮಾಡ್ಕೊಳ್ಳುತ್ತೆ, ಏಳೆಂಟು ಸಲದಲ್ಲಿ ತೂತು ಸಡಿಲ. ಲೆವೆಲ್‌ನ ಕಾಲುಗಳಿಗೆ ನಾವು ಹಾಕ್ತಿರೋದು 8 ಎಂಎಂ ಬೋಲ್ಟು, ಎರಡೂ ಕಡೆ ಅಗಲದ ವಾಷರ್ರು, ಕೈಯಲ್ಲೇ ತಿರುಗಿಸೋ ವಿಂಗ್ ನಟ್ಟು. ಕಾಲನ್ನ ಚೌಕಟ್ಟಿನ ಪಕ್ಕಕ್ಕೆ ನೇತುಹಾಕದೆ ಅದರ ಅಡಿಗೇ ಕೊಡಬೇಕು. ಆಗ ಭಾರ ಮರದಿಂದ ಮರಕ್ಕೇ ಇಳಿಯುತ್ತೆ, ಬೋಲ್ಟಿನ ಕೆಲಸ ಅತ್ತಿತ್ತ ಸರಿಯದಂತೆ ಹಿಡಿಯೋದಷ್ಟೇ. ಹಿನ್ನೆಲೆಯ ಚೌಕಟ್ಟುಗಳ ಮಧ್ಯೆ ಪಿನ್ ತೆಗೆಯೋಕೆ ಬರೋ ಹಿಂಜ್ ಹಾಕಿದ್ರೆ ಸ್ಕ್ರೂಡ್ರೈವರ್ ಮುಟ್ಟದೇ ಎರಡು ನಿಮಿಷದಲ್ಲಿ ಬಿಚ್ಚಬಹುದು.

ಇವು ಸಿಗೋದು ನಟ್-ಬೋಲ್ಟ್ ಅಂಗಡೀಲಿ. ವಾಹನ ರಿಪೇರಿ ನಡೆಯೋ ಬೀದಿಗಳಲ್ಲಿ ಹುಡುಕಿ. ಸಾಗರದಲ್ಲಿ ಬೇಕಾದ ಉದ್ದ ಸಿಗಲಿಲ್ಲ ಅಂದ್ರೆ ಶಿವಮೊಗ್ಗ, ಸಾಗರ ರಸ್ತೆಯಲ್ಲೇ ಆಟೋ ಕಾಂಪ್ಲೆಕ್ಸ್ ಇದೆ. ಬೋಲ್ಟನ್ನ ತೂಕದ ಲೆಕ್ಕದಲ್ಲಿ ಕೊಡ್ತಾರೆ, ಬಿಡಿಬಿಡಿಯಾಗಿ ಎಣಿಸಿ ತಗೊಳ್ಳೋದಕ್ಕಿಂತ ಅಗ್ಗ. ರಜೆಗೆ ಬೆಂಗಳೂರಿಗೆ ಹೋಗೋವ್ರು ಎಸ್‌ಪಿ ರೋಡು, ಎಸ್‌ಜೆಪಿ ರೋಡು ಒಂದು ಸುತ್ತು ಹೊಡೀರಿ. ಆರ್ಡಿನೋ ತಗೊಳ್ಳೋಕೆ ಹೇಗೂ ಹೋಗ್ತೀರಲ್ಲ. ಆನ್‌ಲೈನಲ್ಲಿ ಪ್ಯಾಕೆಟ್ ಬೆಲೆ ನೋಡಿ ಖುಷಿ ಪಡೋ ಮುಂಚೆ ಒಳಗೆ 100 ಇದ್ಯೋ 25 ಇದ್ಯೋ ನೋಡಿ. ಅಪರೂಪದ ಅಳತೆಗೆ ಮಾತ್ರ ಆನ್‌ಲೈನ್ ಸರಿ. ಮೊನೆ, ಥ್ರೆಡ್ ಮುಟ್ಟಿ ನೋಡೋಕೆ ಅಲ್ಲಿ ಆಗಲ್ಲ.

ಈ ಸಲದ ಪಟ್ಟಿ ಆಗಲೇ ಬರೆದಾಗಿದೆ: 8 ನಂಬರ್ ಎರಡಿಂಚು ಚಿಪ್‌ಬೋರ್ಡ್ ಸ್ಕ್ರೂ ಎರಡು ಡಬ್ಬಿ, ಒಂದೂವರೆ ಇಂಚು ಒಂದು ಡಬ್ಬಿ, 8 ಎಂಎಂ ಬೋಲ್ಟು 32, ವಾಷರ್ 64, ವಿಂಗ್ ನಟ್ 36 (ನಾಲ್ಕು ಕಳೆದೇ ಕಳೆಯುತ್ತೆ), ಪಿಝಡ್2 ಬಿಟ್ ಮೂರು. ಶನಿವಾರ ಬೆಳಿಗ್ಗೆ ಸಾಗರಕ್ಕೆ ಹೋಗ್ತಿದ್ದೀವಿ. ಬರೋವ್ರು ಗುರುವಾರದೊಳಗೆ ಹೇಳಿ, ಬೈಕ್ ಇರೋವ್ರು ಮೊದಲು ಹೇಳಿ.