ಮರದ ಮೇಲಿನ ದುಂಡೆಲೆ ಬದನಿಕೆಯಲ್ಲ

ಮುಂಗಾರಿಗೆ ಮುನ್ನ ಮರಗಸಿ ಆರಂಭವಾದೊಡನೆ ಮರ ಹತ್ತಿದ ಆಳು ಮೇಲಿನಿಂದ ಕೇಳುವುದುಂಟು: "ಬದನಿಕೆ ತುಂಬಿದೆ, ಎಲ್ಲ ಕೆರೆಯಲೋ?" 2009ರಲ್ಲಿ ನಾನು "ಎಲ್ಲ ಕೆರೆ" ಎಂದುಬಿಟ್ಟೆ. ದೊಡ್ಡ ಹೊನ್ನೆಮರವೊಂದರಿಂದ ಬಿದ್ದುದರಲ್ಲಿ ಅರ್ಧಕ್ಕೂ ಹೆಚ್ಚು ಬದನಿಕೆಯಾಗಿರಲಿಲ್ಲ. ಸಣಕಲು ಪೆನ್ಸಿಲಿನಂಥ ದುಂಡು ಎಲೆಗಳ ಲುಸಿಯ ಎಂಬ ಆರ್ಕಿಡ್ ಗಿಡಗಳು ಅವು. ಆ ಮರದಲ್ಲಿ ಅವು ಮತ್ತೆ ಕಾಣಿಸಿಕೊಂಡಿಲ್ಲ.

ತಪ್ಪಿಗೆ ಹೆಸರೂ ಒಂದು ಕಾರಣ. ಮರದ ಮೇಲೆ ಬೆಳೆಯುವುದೆಲ್ಲ ನಮ್ಮ ಜನರ ಬಾಯಲ್ಲಿ ಬದನಿಕೆಯೇ. ನಿಜವಾದ ಬದನಿಕೆ ಕೊಂಬೆಯೊಳಗೆ ಬೇರು ಚುಚ್ಚಿ ನೀರು, ಲವಣ ಹೀರುತ್ತದೆ. ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ. ಆರ್ಕಿಡ್ಡಿನ ಬೇರು ತೊಗಟೆಯ ಮೇಲಷ್ಟೇ ಹಬ್ಬುತ್ತದೆ. ಒಣಗಿದಾಗ ಬೆಳ್ಳಿಬಣ್ಣ, ಮಳೆ ಬಿದ್ದೊಡನೆ ಹಸಿರು. ಮರದಿಂದ ಅದು ಪಡೆಯುವುದು ನಿಲ್ಲುವ ಜಾಗವನ್ನು ಮಾತ್ರ.

ಹಾಗಾದರೆ ಮಣ್ಣಿಲ್ಲದೆ, ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನಲ್ಲಿ ಅದು ಬದುಕುವುದು ಹೇಗೆ? ಉತ್ತರ ಎಲೆಯ ದುಂಡಿನಲ್ಲಿದೆ. 4 ಮಿ.ಮೀ. ದಪ್ಪದ ದುಂಡೆಲೆಯನ್ನು ಉದ್ದ ಬದಲಿಸದೆ 0.4 ಮಿ.ಮೀ. ತೆಳುವಾಗಿ ಲಟ್ಟಿಸಿದೆವೆಂದು ಭಾವಿಸೋಣ. ಅಗಲ ಸುಮಾರು 31 ಮಿ.ಮೀ. ಆಗುತ್ತದೆ; ಬಿಸಿಲು ಗಾಳಿಗೆ ತೆರೆದ ಮೈ ಐದು ಪಟ್ಟಾಗುತ್ತದೆ. ಅಂದರೆ ಅಷ್ಟೇ ನೀರನ್ನು ಐದನೆಯ ಒಂದು ಪಾಲು ಮೈಯೊಳಗೆ ಬಚ್ಚಿಟ್ಟುಕೊಳ್ಳುವ ಉಪಾಯವಿದು. ಇಂಥ ದಪ್ಪ ಎಲೆಯ ಅನೇಕ ಆರ್ಕಿಡ್‌ಗಳು ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಇಂಗಾಲಾಮ್ಲವನ್ನು ಒಳಗೆಳೆದು, ಆಮ್ಲರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡು ಅಡುಗೆ ಮಾಡುತ್ತವೆ. ನಮ್ಮ ಕಾಫಿಗಿಡಕ್ಕೆ ಆ ಜಾಣತನವಿಲ್ಲ.

ದುಂಡಗಿರುವುದೆಲ್ಲ ಎಲೆಯಲ್ಲ, ಇದೊಂದು ಮಾತು. ಗಾಳಿಮರದ ಸೂಜಿಗಳು ರೆಂಬೆಗಳು. ಈರುಳ್ಳಿಯದು ಎಲೆಯೇ, ಆದರೆ ಟೊಳ್ಳು. ಲುಸಿಯದ್ದು ಒಳಗೆ ತುಂಬಿದ ಎಲೆ.

ಬೆಳೆಯುವ ರೀತಿಯನ್ನೂ ಗಮನಿಸಬೇಕು. ಡೆಂಡ್ರೋಬಿಯಂ ಗುಂಪಿನ ಅನೇಕ ಆರ್ಕಿಡ್‌ಗಳು ಊದಿದ ಕಾಂಡದಲ್ಲಿ ನೀರು ಕೂಡಿಡುತ್ತವೆ. ವರ್ಷವರ್ಷವೂ ಬುಡದಿಂದ ಹೊಸ ಕಾಂಡ ಬರುತ್ತದೆ. ಲುಸಿಯದ ಕಾಂಡಕ್ಕೆ ಊತವಿಲ್ಲ, ಅದು ತುದಿಯಿಂದಲೇ ಮುಂದುವರಿಯುತ್ತದೆ. ತಲೆ ಕತ್ತರಿಸಿದ ಕಾಫಿಯಲ್ಲಿ ಕಂಬಚಿಗುರು ನುಗ್ಗಿ ಬರುವುದನ್ನು ಕಂಡ ನಾವು ಇದೂ ಹಾಗೆಯೇ ಚಿಗುರೀತೆಂದು ತಿಳಿಯಬಾರದು. ಕತ್ತಿಯೇಟಿನಿಂದ ಚೇತರಿಸಿಕೊಳ್ಳಲು ಅದಕ್ಕೆ ಬಹಳ ಕಾಲ ಬೇಕು.

ಈಗ ನಾನು ಆಳುಗಳಿಗೆ ಹೇಳುವುದಿಷ್ಟು: ಅಗಲ ಎಲೆಯೂ ಬುಡದಲ್ಲಿ ಗಂಟೂ ಇದ್ದರೆ, ಹಣ್ಣಾಗಿ ಬದನಿಕೆ ಹಕ್ಕಿ ಅಂಟುಬೀಜ ಹರಡುವ ಮೊದಲೇ, ಗಂಟಿನಿಂದ ಕೆಳಕ್ಕೆ ಕೊಂಬೆ ಸಮೇತ ಕಡಿಯಿರಿ. ಉಳಿದುದನ್ನು ಮುಟ್ಟಬೇಡಿ. ಕಡಿಯಲೇಬೇಕಾದ ಕೊಂಬೆಯಲ್ಲಿ ಲುಸಿಯ ಇದ್ದರೆ ಬೇರು ಮುರಿಯದಂತೆ ಬಿಡಿಸಿ, ಪಕ್ಕದ ಹಲಸಿಗೋ ಅತ್ತಿಗೋ ಬೇರು ತೊಗಟೆಗೆ ತಾಗುವಂತೆ ಬಾಳೆನಾರಿನಿಂದ ಕಟ್ಟಿ. ಮಣ್ಣು, ಗೊಬ್ಬರ ಮೆತ್ತಬಾರದು, ಬೇರು ಕೊಳೆಯುತ್ತದೆ. ಮಳೆ ಹಿಡಿಯುವ ಮುನ್ನ ಕಟ್ಟಿದರೆ ಹೊಸ ಬೇರು ಹಿಡಿಯಲು ಇಡೀ ಮಳೆಗಾಲ ಸಿಗುತ್ತದೆ.