ಗಾಯದತ್ತ ನಡೆದುಬರುವ ಕೋಶಗಳು

ಹೊಟ್ಟೆಹುಣ್ಣು ಅಂದಕೂಡಲೇ ನಮ್ಮ ಕಡೆ ಬೈಸಿಕೊಳ್ಳುವುದು ಮೆಣಸಿನಕಾಯಿ. ತಡಸದಿಂದ ಬ್ಯಾಡಗಿಯವರೆಗೆ ಅದನ್ನೇ ಉಂಡು ಅದನ್ನೇ ದೂರುತ್ತೇವೆ. ಬ್ಯಾಡಗಿ ಕಾಯಿಯಲ್ಲಿ ಖಾರಕ್ಕಿಂತ ಬಣ್ಣವೇ ಹೆಚ್ಚು, ಪಾಪ. ನಿಜವಾದ ತಂಟೆಕೋರರು ಇಬ್ಬರು. ಒಂದು, ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರೆನ್ 1982ರಲ್ಲಿ ಬೆಳೆಸಿ ತೋರಿಸಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇನ್ನೊಂದು, ಸುಗ್ಗಿಯಲ್ಲಿ ಮೈಕೈ ನೋವೆಂದು ದಿನವೂ ನುಂಗುವ ನೋವಿನ ಗುಳಿಗೆ. ಇದು ಸಣ್ಣಕರುಳನ್ನೂ ಬಿಡುವುದಿಲ್ಲ.

ಗಾಯ ಆಗುವುದಕ್ಕಿಂತ ಅದು ಮುಚ್ಚುವ ಬಗೆ ಸೋಜಿಗದ್ದು. ಕರುಳಿನ ಒಳಹೊದಿಕೆಯ ದಪ್ಪ ಒಂದೇ ಒಂದು ಕೋಶ. ಅದು ಕಿತ್ತುಹೋದರೆ ಹೊಸ ಕೋಶ ಹುಟ್ಟುವ ತನಕ ಕಾಯಲು ಪುರುಸೊತ್ತಿಲ್ಲ. ಆಚೆ ಬ್ಯಾಕ್ಟೀರಿಯಾ, ಈಚೆ ರಕ್ತ. ಹಾಗಾಗಿ ಅಂಚಿನ ಕೋಶಗಳೇ ಎದ್ದು ಹೊರಡುತ್ತವೆ. ಸಣ್ಣ ಗಾಯವಾದರೆ ಕೆಲವೇ ಗಂಟೆಗಳ ಕೆಲಸ. ಕೋಶವಿಭಜನೆ ಆಮೇಲಿನ ಮಾತು.

ಪ್ರಯೋಗಶಾಲೆಯಲ್ಲಿ ಇಲಿಯ ಕರುಳಿನ ಕೋಶಗಳನ್ನು ತಟ್ಟೆಯ ತುಂಬ ಬೆಳೆಸಿ, ಪಿಪೆಟ್ ತುದಿಯಿಂದ ನಡುವೆ ಒಂದು ಗೀರು ಎಳೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗೀರಿನ ಅಂಚಿನ ಕೋಶ ಚಪ್ಪಟೆಯಾಗಿ ತೆಳ್ಳನೆಯ ಪಾದ ಚಾಚುತ್ತದೆ. ಚಾಚಿಸುವುದು ರಾಕ್ ಎಂಬ ಪ್ರೋಟೀನ್. ಹಿಂಬದಿಯನ್ನು ಬಿಗಿದು ಎಳೆದುಕೊಳ್ಳುವುದು ರೋ. ದಿಕ್ಕು ಹಿಡಿಯುವುದು ಸಿಡಿಸಿ42. ಮೂವರ ಹೊಂದಾಣಿಕೆ ತಪ್ಪಿದರೆ ನಡಿಗೆ ಕೆಡುತ್ತದೆ. ಇಂಡೊಮೆಥಾಸಿನ್‌ನಂಥ ನೋವುನಿವಾರಕ ಬೆರೆಸಿದರೆ ಗೀರು ಮುಚ್ಚುವುದೇ ತಡವಾಗುತ್ತದೆ. ಅಂದರೆ ಗಾಯ ಮಾಡುವ ಗುಳಿಗೆಯೇ ರಿಪೇರಿಗೂ ಅಡ್ಡಗಾಲು.

ಹೊರಡಲು ಅಪ್ಪಣೆ ಕೊಡುವ ಪ್ರೋಟೀನುಗಳಲ್ಲಿ ಹೆಸರುವಾಸಿ ಇಜಿಎಫ್. ಇಲಿಯ ಜೊಲ್ಲಿನ ಗ್ರಂಥಿಯಲ್ಲಿ ಇದನ್ನು ಪತ್ತೆಹಚ್ಚಿದ ಸ್ಟ್ಯಾನ್ಲಿ ಕೊಹೆನ್‌ಗೆ 1986ರಲ್ಲಿ ನೊಬೆಲ್ ಬಂತು. ನಮ್ಮ ಜೊಲ್ಲಿನಲ್ಲೂ ಇದಿದೆ. ಆದರೆ 1993ರಲ್ಲಿ ಡಿಗ್ನಾಸ್ ಮತ್ತು ಪೊಡೊಲ್ಸ್ಕಿ ಎಂಬ ಸಂಶೋಧಕರು ಒಂದು ತಿರುವು ಕಂಡರು: ಇಜಿಎಫ್‌ನ ಈ ಅಪ್ಪಣೆ ಟಿಜಿಎಫ್-ಬೀಟಾ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಜಾರಿಯಾಗುತ್ತದೆ. ಈ ಟಿಜಿಎಫ್-ಬೀಟಾ ಕೋಶವಿಭಜನೆಯನ್ನು ತಡೆಯುವ ಆಸಾಮಿ. ಈಗ ಹೆರುವ ಹೊತ್ತಲ್ಲ, ನಡೆಯುವ ಹೊತ್ತು ಎಂದು ಗದರಿದ ಹಾಗೆ. ಜೀವಶಾಸ್ತ್ರದಲ್ಲಿ ಇಷ್ಟು ವ್ಯವಹಾರಜ್ಞಾನ ಅಪರೂಪ.

ಮುಂದೆ ಹೋಗುವವರು ಯಾರು? ಕುರಿಮಂದೆಯ ಹಾಗೆ ಮುಂದಿನದೇ ದಾರಿ ಹಿಡಿಯುತ್ತದೆ ಅನ್ನಿಸುವುದು ಸಹಜ. ಈಗ ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಮೇಧಾವಿ ವಿಶ್ವಕರ್ಮ ಮತ್ತು ಸಂಗಡಿಗರು 2018ರಲ್ಲಿ, ಮೂತ್ರಪಿಂಡದ ಕೋಶಗಳಲ್ಲಿ, ಬೇರೆಯದೇ ಕಂಡರು: ಹಿಂದಿನವರ ಎಳೆದಾಟವೇ ಮುಂದಾಳನ್ನು ಆರಿಸುತ್ತದೆ.

ಹೊರಡುವ ಅಪ್ಪಣೆ ಇಜಿಎಫ್ ಕೊಡುವುದಾದರೆ, ಅದನ್ನೇ ಔಷಧಿಯಾಗಿ ಕೊಡಬಾರದೇ? ಕೊಟ್ಟು ನೋಡಿದ್ದಾರೆ. 2003ರಲ್ಲಿ ಬ್ರಿಟನ್ನಿನ ವೈದ್ಯರು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡಕರುಳಿನಲ್ಲಿ ಹುಣ್ಣಾಗುವ ರೋಗ, ಇದ್ದ 12 ಮಂದಿಗೆ ಇದನ್ನು ಎನಿಮಾ ರೂಪದಲ್ಲಿ ಕೊಟ್ಟರು. ಎರಡು ವಾರದಲ್ಲಿ 10 ಮಂದಿಯ ರೋಗ ಹತೋಟಿಗೆ ಬಂತು. ಬರೀ ಎನಿಮಾ ಪಡೆದ 12 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಪ್ರಯೋಗ ಚಿಕ್ಕದು, ಅಳುಕು ದೊಡ್ಡದು: ಕ್ಯಾನ್ಸರ್ ಕೋಶಗಳೂ ಇದೇ ಅಪ್ಪಣೆಗೆ ಓಗೊಡುತ್ತವೆ, ಕೊಲೈಟಿಸ್ ಹಳೆಯದಾದ ಕರುಳಿನಲ್ಲಿ ಆ ಭಯ ಮೊದಲೇ ಹೆಚ್ಚು. ಮಧುಮೇಹಿಗಳ ಕಾಲಿನ ಹುಣ್ಣಿಗೆ ಹಚ್ಚುವ ಇಜಿಎಫ್ ಜೆಲ್ ಭಾರತದಲ್ಲೇ ತಯಾರಾಗುತ್ತದೆ. ಕರುಳಿಗೆ ಮಾತ್ರ ವೈದ್ಯರು ಅದನ್ನಿನ್ನೂ ಬರೆದುಕೊಡುತ್ತಿಲ್ಲ.